ಉದುರಿದ ಅಕ್ಷರಗಳು

ಊರೆಲ್ಲ ಮಲಗಿದ ಮೇಲೆ ಫ್ಲಾಪಿ ಡ್ರೈವ್ ತಾನಾಗಿಯೇ ಕರ್ರ್ ಎಂದಿತು. ಸೂಗಮ್ಮ ಕೀಲಿಮಣೆ ಮುಟ್ಟಿಯೇ ಇರಲಿಲ್ಲ. ಪರದೆಯ ಮೇಲಿನ ಸಾಲಿನಿಂದ ಎರಡು ಅಕ್ಷರಗಳು ಕಳಚಿ ತಳಕ್ಕೆ ಬಿದ್ದವು.

ಫ್ಲಾಪಿಯಿಂದ ಕಂಪ್ಯೂಟರಿಗೆ ಹರಡುವ ವೈರಸ್. ಅವಳಿಗೆ ಗೊತ್ತಾಯಿತು. ಸಿಂಧನೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅದರ ಬಗ್ಗೆ ಪಾಠ ಮಾಡುತ್ತಿದ್ದವಳೇ ಅವಳು. ಆದರೆ ಬೆಳಗಾದರೆ ಲಿಂಗಸುಗೂರಿನಲ್ಲಿ ಪ್ರೋಗ್ರಾಂ ಬರೆಯುವವರ ಸಭೆ. ಗೊರೇಬಾಳದ ಕಾಲುವೆ ನೀರು ಯಾವ ಗದ್ದೆಗೆ ಯಾವಾಗ ಎಂದು ತೋರಿಸುವ ತನ್ನ ಪ್ರೋಗ್ರಾಂ ಕುರಿತು ಅವಳು ಮಾತಾಡಬೇಕಿತ್ತು. ತೊಂಬತ್ನಾಲ್ಕನೇ ಇಸವಿಯ ಆ ಸಭೆಗೆ ಕರೆಸಿಕೊಂಡ ಹೆಂಗಸು ಅವಳೊಬ್ಬಳೇ. ವಿಷಯ ಹೇಳಿದರೆ ಅವಳ ಫ್ಲಾಪಿಯನ್ನು ಯಾರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ವೋಲ್ಟೇಜ್ ಏರುಪೇರಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಕಂಪ್ಯೂಟರ್ ಆರಿಸಿದಳು.

ಮರುದಿನ ಸಭೆಯಲ್ಲಿ ಅವಳ ಮಾತು ಚೆನ್ನಾಗಿಯೇ ಆಯಿತು. ಒಬ್ಬ ರೈತನ ಹೆಸರು ಒತ್ತಿ ಅವನ ಸರದಿ ತೋರಿಸಿದಾಗ ಚಪ್ಪಾಳೆ ಬಿತ್ತು. ಅವಳ ನಂತರ ಅದೇ ಕಂಪ್ಯೂಟರಿನ ಮುಂದೆ ಮಸ್ಕಿಯ ಮಲೀಕಸಾಬರು ಕೂತರು. ಟೈಪಿಂಗ್ ಶಾಲೆ ನಡೆಸುತ್ತ ತಾವೇ ಪ್ರೋಗ್ರಾಂ ಕಲಿತವರು. ಅವರು ಮಾತು ಶುರು ಮಾಡಿ ಸ್ವಲ್ಪ ಹೊತ್ತಿಗೇ ಪರದೆಯ ಅಕ್ಷರಗಳು ಒಂದೊಂದಾಗಿ ಉದುರತೊಡಗಿದವು.

"ಸಾಬ್ರ, ಟೈಪಿಂಗ್ ಕಲ್ಸಾಕ ಬಂದೀರೋ, ರಾಶಿ ಮಾಡಾಕ ಬಂದೀರೋ?" ಯಾರೋ ಕೂಗಿದರು.

"ಮಸ್ಕಿ ಸಂತ್ಯಾಗ ಫ್ಲಾಪಿ ಅಗ್ಗ ಸಿಕ್ಕಾವ ಬಿಡಲೇ!"

ಎಲ್ಲರೂ ನಕ್ಕರು. ಸಭೆ ಕರೆದ ರಾಮಣ್ಣ ನಗಲಿಲ್ಲ. ಕಂಪ್ಯೂಟರ್ ಅವನು ಕಾಲೇಜಿನಿಂದ ಬೇಡಿ ತಂದದ್ದು. "ನೋಡ್ಕೊಂಡು ತರಬಾರ್ದೇನ್ರೀ? ಕಾಲೇಜಿನೋರಿಗೆ ನಾ ಏನ್ ಜವಾಬು ಹೇಳ್ಲಿ?"

ಮಲೀಕಸಾಬರು ಒಮ್ಮೆ ಸೂಗಮ್ಮನತ್ತ ನೋಡಿದರು. ಅವಳು ಸೆರಗು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದಳು.

"ತಪ್ಪಾತ್ರೀ," ಎಂದು ಅವರು ಫ್ಲಾಪಿ ತೆಗೆದುಕೊಂಡು ಎದ್ದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರೇ ಹತ್ತಿರ ಬಂದರು. "ಅಕ್ಕಾರ, ನನ್ನ ಫ್ಲಾಪಿ ಹಾಕೋಕಿಂತ ಮೊದ್ಲ, ನಿಮ್ಮದು ಒಳಗಿದ್ದಾಗ್ಲೇ ಒಂದು ಅಕ್ಷರ ಬಿತ್ತು. ನಾ ನೋಡೀನಿ."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಮತ್ತ ಅಲ್ಲೇ ಯಾಕ ಅನ್ನಲಿಲ್ರೀ?"

"ನನಗ ಇವತ್ತು ನಗ್ತಾರ, ನಾಳಿ ಮರೀತಾರ. ನಿಮ್ಮ ಹೆಸ್ರು ಬಂದಿದ್ರ, ಹೆಣಮಕ್ಕಳಿಗೆ ಇದೆಲ್ಲ ಯಾಕ ಅಂತಿದ್ರು. ನನ್ನ ಮಗಳೂ ಕಂಪ್ಯೂಟರ್ ಕಲ್ಯಾಕತ್ಯಾಳ. ಆ ಫ್ಲಾಪಿ ಮಾತ್ರ ಮುರದು ಒಗೀರಿ." ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಸೀಟು ಹಿಡಿಯಲು ಅವರು ಮುಂದೆ ಓಡಿದರು.

ಹಿಂದಿನಿಂದ ರಾಮಣ್ಣ ಏದುಸಿರು ಬಿಡುತ್ತ ಬಂದ. "ಮೇಡಂ, ಮುಂದಿನ ಸಲಾನೂ ನೀವು ಬರಬೇಕ್ರೀ. ಆ ಸಾಬ್ರ ಸಹವಾಸ ಮಾತ್ರ ಸಾಕಾತು, ಇನ್ನ ಕರಿಯಂಗಿಲ್ಲ."

ಈಗ ಹೇಳಬೇಕು ಎನ್ನಿಸಿತು. ಮಾತು ನಾಲಿಗೆಯ ಮೇಲೇ ಇತ್ತು.

"ಬರ್ತೀನ್ರೀ," ಎಂದಳು.

ಬಸ್ಸಿನಲ್ಲಿ ಮಲೀಕಸಾಬರು ಟವೆಲ್ ಹಾಸಿ ಅವಳಿಗೊಂದು ಸೀಟು ಹಿಡಿದಿದ್ದರು. ತಾವು ಕಂಬಿ ಹಿಡಿದು ನಿಂತರು.

"ರಾಮಣ್ಣ ಏನಂದ್ರು? ಸಿಟ್ಟು ಇಳದೈತೇನು?"

"ಇಳದೈತ್ರೀ. ಮುಂದಿನ ಸಲ ಎಲ್ಲಾರೂ ಬರ್ರಿ ಅಂದ್ರು."

ಅವರ ಮುಖ ಅರಳಿತು. ಸೂಗಮ್ಮ ಕಿಟಕಿಯತ್ತ ತಿರುಗಿದಳು. ರಾಮಣ್ಣನಿಗೆ ತನ್ನ ತಪ್ಪನ್ನು ಹೇಳಬಾರದು, ಇವರಿಗೆ ರಾಮಣ್ಣನ ಮಾತನ್ನೂ ಹೇಳಬಾರದು. ಮಸ್ಕಿ ಬರುವ ಮೊದಲೇ ಅವಳು ಅದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.