ಹದಿನಾಲ್ಕು ಜೊತೆ ಕಣ್ಣು

ಮೇಲಿನ ಸಾಲಿನ ಹುಡುಗಿ ನೋಡುತ್ತಿದ್ದಾಳೆ, ಇಲ್ಲ, ಅವಳೊಬ್ಬಳೇ ಅಲ್ಲ, ಪಕ್ಕದ ಗಂಡುಮಗುವೂ, ಅದರ ಪಕ್ಕದ್ದೂ — ಓಝೆಲಾ ಕೈಚೀಲವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಬಲಕ್ಕೆ ಸರಿದಳು, ಗೋಡೆಯ ಮೇಲಿನ ಚಿತ್ರಗಳ ಹದಿನಾಲ್ಕು ಜೊತೆ ಕಣ್ಣುಗಳೂ ಅವಳೊಂದಿಗೇ ಬಲಕ್ಕೆ ಸರಿದವು. ಎಂಬತ್ತೊಂದರ ಮುದುಕಿ, ಕಣ್ಣು ಮಂಜು, ಅಷ್ಟೇ, ಎಂದುಕೊಂಡಳು, ಆದರೆ ಮಂಜುಗಣ್ಣಿಗೆ ಇಷ್ಟು ನಿಚ್ಚಳವಾಗಿ ಕಾಣುವುದುಂಟೇ, ಚರ್ಚು ಮುಗಿಸಿ ನೇರ ಈ ಸಭಾಂಗಣಕ್ಕೇ ಬಂದವರ ಟೋಪಿಗಳು ಮಂಜು, ಮೇಜಿನ ಮೇಲಿನ ಗೆಣಸಿನ ಸಿಹಿ ಪೈ ಮಂಜು, ಮೆಂಫಿಸ್ಸಿನ ಜೂನ್ ಸೆಕೆಗೆ ಪಟಪಟ ಬಡಿದುಕೊಳ್ಳುವ ಬೀಸಣಿಗೆಗಳೂ ಮಂಜು, ಆ ಕಣ್ಣುಗಳು ಮಾತ್ರ ಮಂಜಲ್ಲ. ಗೋಡೆಯ ನೆತ್ತಿಯಲ್ಲಿ ದಪ್ಪಕ್ಷರ, ಅಲಾಂಜೋ ಟಿಸ್‌ಡೇಲ್, ನಮ್ಮ ಕಪ್ಪು ಜನರ ಮಹಾನ್ ಛಾಯಾಗ್ರಾಹಕ, ಅವನು ಸತ್ತು ಇಪ್ಪತ್ತು ವರ್ಷವಾದ ಮೇಲೆ ಈ ಪ್ರದರ್ಶನದ ಹಬ್ಬ, ಮಾಡಲಿ, ಮಾಡಬೇಕಾದದ್ದೇ, ಕೈ ಅಂದರೆ ಕೈ ಅವನದು, ಆದರೆ ಕೆಳಗೆ ಇರುವೆಸಾಲಿನಷ್ಟು ಸಣ್ಣದಾಗಿ, ಬಣ್ಣ ತುಂಬಿದವರು: ತಿಳಿದಿಲ್ಲ. ತಿಳಿದಿಲ್ಲವಂತೆ! ಹತ್ತೊಂಬತ್ತು ವರ್ಷ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬೆನ್ನು ಬಗ್ಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಬಣ್ಣ ಹಚ್ಚಿ, ಕಪ್ಪು ಬಿಳುಪು ಚಿತ್ರಗಳಿಗೆ ಜೀವ ತುಂಬಿದವಳು ಇಲ್ಲೇ ನಿಂತಿದ್ದಾಳೆ. ದೊಡ್ಡಮ್ಮಾ, ಹೋಗಿ ಹೇಳು ಮತ್ತೆ, ಬಣ್ಣ ನಂದು ಅಂತ, ನಾಳೇನೇ ಹೆಸರು ಹಾಕ್ತಾರಂತೆ, ಎಂದು ತಂಗಿಯ ಮಗಳು ಮಾರ್ವೆಟ್ ಮೊಣಕೈಯಿಂದ ತಿವಿಯುತ್ತಾಳೆ, ಹೇಳ್ತೀನಿ ಇರೇ, ನೀನು ತಿವಿದು ತಿವಿದು ಪಕ್ಕೆ ಮುರೀಬೇಡ. ಹೇಳಬೇಕು. ಹೆಸರು ಬೇಕು ಅವಳಿಗೆ, ಸಾಯುವ ಮುಂಚೆ ಆ ಗೋಡೆಯ ಮೇಲೆ ತನ್ನ ಹೆಸರನ್ನು ಓದಬೇಕು, ಇದರಲ್ಲಿ ನಾಚಿಕೆ ಏನು ಬಂತು, ಆದರೆ ಬಣ್ಣ ನನ್ನದು ಎಂದ ಕೂಡಲೇ ಕಣ್ಣು ಯಾರದು ಎಂದು ಕೇಳುತ್ತಾರೆ.

ಬಣ್ಣದ ಬಗ್ಗೆ ಕೇಳಲಿ, ಹೇಳಿಯಾಳು. ಟ್ಯೂಬಿನ ಮೇಲೆ ಮೈಬಣ್ಣ ಎಂದು ಅಚ್ಚಾಗಿರುತ್ತಿತ್ತು, ಹಿಂಡಿದರೆ ಗುಲಾಬಿ, ಯಾರ ಮೈಯಪ್ಪಾ ಇದು, ಕೆಲಸಕ್ಕೆ ಸೇರಿದ ವಾರ ಬರೆದದ್ದನ್ನೇ ನಂಬಿ ಒಬ್ಬ ಪಾದ್ರಿಯ ಮುಖಕ್ಕೆ ಬಳಿದುಬಿಟ್ಟಿದ್ದಳು, ಪಾದ್ರಿಯ ಹೆಂಡತಿ ಚಿತ್ರ ಹಿಡಿದು ಬಂದು, ಏನಮ್ಮಾ ಇದು, ನನ್ ಗಂಡನ್ನ ಬೇಯಿಸಿದ ಹಂದಿ ಮಾಡಿಟ್ಟಿದೀಯಲ್ಲಾ, ಟಿಸ್‌ಡೇಲ್ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದ. ಅಂದಿನಿಂದ ಆ ಟ್ಯೂಬು ಅಂಗೈಗಳಿಗೆ ಮಾತ್ರ, ಮುಖಕ್ಕೆ ಸುಟ್ಟ ಮಣ್ಣಿನ ಕಂದು, ಕೊಂಚ ಹಳದಿ, ಕೆನ್ನೆಯ ನೆರಳಿಗೆ ಸೂಜಿಮೊನೆಯಷ್ಟು ಹಸಿರು — ಹಸಿರು ಸೇರದೆ ನಮ್ಮ ಕಪ್ಪು ಕಳೆಗಟ್ಟುವುದಿಲ್ಲ, ಇದನ್ನು ಯಾವ ಪುಸ್ತಕವೂ ಅವಳಿಗೆ ಕಲಿಸಲಿಲ್ಲ. ಆಮೇಲೆ ಅವರು ಬರತೊಡಗಿದರು, ಬಿಳಿ ಬಟ್ಟೆ ತೊಡಿಸಿ ಮಲಗಿಸಿದ ಮಕ್ಕಳ ಚಿತ್ರ ಹಿಡಿದ ತಾಯಂದಿರು, ಬದುಕಿದ್ದಾಗ ಫೋಟೋ ತೆಗೆಸ್ಲಿಲ್ಲ ಕಣಮ್ಮಾ, ಕಣ್ಣು ಬಿಟ್ಟಿರೋ ಹಾಗೆ ಮಾಡ್ಕೊಡು. ಎಂಥ ಕಣ್ಣು? ನಕ್ಷತ್ರದಂಥ ಕಣ್ಣು. ಎಲ್ಲರದೂ ನಕ್ಷತ್ರವೇ, ಹೆತ್ತವರಿಗೆ ಹೆಗ್ಗಣ ಮುದ್ದು, ಅದರಿಂದ ಕುಂಚಕ್ಕೇನು ತಿಳಿಯಬೇಕು. ಮೊದಲನೆಯದು ಬಂದಾಗ ಅವಳ ಪರ್ಲೀನ್ ಹೋಗಿ ಒಂದು ತಿಂಗಳೂ ಆಗಿರಲಿಲ್ಲ, ನಾಲ್ಕು ವರ್ಷದ ಮಗಳು, ಮೂರು ದಿನದ ಜ್ವರ, ಅವಳದೂ ಒಂದೂ ಫೋಟೋ ಇರಲಿಲ್ಲ, ಫೋಟೋ ಸ್ಟುಡಿಯೋದಲ್ಲಿ ದುಡಿಯುವವಳ ಮಗಳು, ಈಸ್ಟರ್ ಬರಲಿ, ಹೊಸ ಫ್ರಾಕು ಹೊಲಿಸೋಣ, ಆಮೇಲೆ, ಆಮೇಲೆ — ದೀಪದ ಬುಡದಲ್ಲಿ ಕತ್ತಲು. ಮುಚ್ಚಿದ ರೆಪ್ಪೆಗಳ ಮೇಲೆ ಕುಂಚ ತಾನೇ ಓಡಿತು, ಮುಗಿಸಿ ನೋಡಿದರೆ ಪರ್ಲೀನ್ ನೋಡುತ್ತಿದ್ದಾಳೆ, ಎಡಗಣ್ಣು ಸ್ವಲ್ಪ ಚಿಕ್ಕದು, ನಿದ್ದೆ ಬಂದವರ ಹಾಗೆ ರೆಪ್ಪೆ ಬಾಗಿದ್ದು. ಹತ್ತಿಯಿಂದ ಒರೆಸಬೇಕಿತ್ತು. ಒರೆಸಲಿಲ್ಲ. ಉಳಿದ ಹದಿಮೂರು ಕುಂಚದ ತಪ್ಪಲ್ಲ, ಅವಳದೇ, ಬೇಕೆಂದೇ, ಒಂದೊಂದು ಮನೆಗೆ ಒಂದೊಂದು, ಊರ ತುಂಬ ಮಗಳು ಕಣ್ಣು ಬಿಟ್ಟಿರಲಿ ಎಂದು. ಇವುಗಳನ್ನೆಲ್ಲ ಒಂದೇ ಗೋಡೆಗೆ ತಂದು ನಿಲ್ಲಿಸುತ್ತಾರೆಂದು ಯಾರಿಗೆ ಗೊತ್ತಿತ್ತು, ನಲವತ್ತೈದು ವರ್ಷ ಚೆದುರಿದ್ದ ಕಣ್ಣುಗಳು ಈಗ ಒಟ್ಟಾಗಿ, ರೆಪ್ಪೆ ಬಡಿಯದೆ, ಮತ್ತು ಅವುಗಳ ಸುತ್ತಲಿನ ಮುಖಗಳು ಮಗಳದಲ್ಲ. ಹಿಂದೆ ಯಾರೋ ಗಂಡಸು, ಇವೆಲ್ಲಾ ಒಂದೇ ಮನೆ ಮಕ್ಕಳೇನ್ರೀ, ಕಣ್ಣು ಒಂದೇ ಥರ ಇದೆಯಲ್ಲಾ, ಎಂದ, ಸಭಾಂಗಣದಲ್ಲಿ ಬೀಸಣಿಗೆಗಳು ಒಂದೊಂದಾಗಿ ನಿಂತವು.

ನಂದು, ಎಂದಳು ಓಝೆಲಾ, ಬಣ್ಣ ನಂದು, ಕಣ್ಣು ನನ್ ಮಗಳದು, ನಿಮ್ ಮಕ್ಕಳಿಗೆಲ್ಲಾ ಅವಳ ಕಣ್ಣು ಇಟ್ಟೆ, ನಿಮಗ್ಯಾರಿಗೂ ಹೇಳ್ಲಿಲ್ಲ, ಮೋಸ ಮಾಡ್ದೆ. ಮಾರ್ವೆಟ್ ಅವಳ ತೋಳು ಹಿಡಿದಳು. ಕೊನೆಯ ಚಿತ್ರದ ಎದುರು ಊರುಗೋಲು ಹಿಡಿದಿದ್ದ ಸಿಸ್ಟರ್ ಹೋಗ್ ನಿಧಾನವಾಗಿ ತಿರುಗಿದಳು, ಚರ್ಚಿನಲ್ಲಿ ಎಲ್ಲ ಹೆಂಗಸರೂ ಸಿಸ್ಟರೇ, ಅದೇ ಚರ್ಚು, ಅದೇ ಬೆಂಚು, ಇಷ್ಟು ವರ್ಷ ಪಕ್ಕದಲ್ಲೇ ಕೂತು ಹಾಡಿದವಳು, ಈಗ ಕೋಲೆತ್ತುತ್ತಾಳೆ, ಎತ್ತಲಿ, ಹೊಡೆಯಲಿ, ಹೊಡೆಸಿಕೊಳ್ಳಬೇಕಾದದ್ದೇ. ಓಝೆಲಾ, ಎಂದಳು ಸಿಸ್ಟರ್ ಹೋಗ್, ನನ್ ಮಗು ಹೊಟ್ಟೇಲೇ ತೀರ್ಕೊಂಡು ಹುಟ್ಟಿದ್ದು, ಅದು ಕಣ್ಣೇ ಬಿಡ್ಲಿಲ್ಲ, ಎಂಥ ಕಣ್ಣು ಅಂತ ನೀನು ಕೇಳ್ದಾಗ ನಾನೂ ಸುಳ್ಳೇ ಹೇಳಿದ್ದು. ದಿನಾ ಬೆಳಿಗ್ಗೆ ಕಾಫಿ ಹಿಡ್ಕೊಂಡು ಆ ಕಣ್ಣಿಗೇ ಎದ್ದೆಯಾ ಕಂದಾ ಅಂತೀನಿ, ನಿನ್ ಮಗಳಿಗೇ ಅಂದ ಹಾಗಾಯ್ತಲ್ಲಾ, ಬಾ ಇಲ್ಲಿ, ಕೂತ್ಕೋ, ಅಳಬೇಡ ಮುದುಕೀ, ಹೇಳು, ಹೇಗಿದ್ಲು ಅವಳು, ಕಣ್ಣು ನಂಗೆ ಗೊತ್ತು, ಉಳಿದ ಮುಖ ಹೇಳು. ಉಳಿದ ಮುಖ. ಹೇಳುತ್ತೇನೆ, ಮೂಗು, ಮೂಗು ಸ್ವಲ್ಪ ಅಗಲ, ಅಲ್ಲ, ಅದು ಮೇಲಿನ ಸಾಲಿನ ಹುಡುಗಿಯದು, ತುಟಿ, ಆ ತುಟಿ ಅವಳ ಪಕ್ಕದ ಗಂಡುಮಗುವಿನದು, ಗಲ್ಲದ ಗುಳಿ ಸಿಸ್ಟರ್ ಹೋಗ್ ಮಗುವಿನದು, ಹಣೆ ಯಾರದೋ, ಕೆನ್ನೆ ಯಾರದೋ, ಓಝೆಲಾ ಒಂದೊಂದನ್ನೇ ಹಿಡಿಯಹೋದಳು, ಹಿಡಿದದ್ದೆಲ್ಲ ಗೋಡೆಗೆ ವಾಪಸು ಹೋಗಿ ತನ್ನ ತನ್ನ ಚೌಕಟ್ಟಿನೊಳಗೆ ಕೂತಿತು, ಹೇಳು ಓಝೆಲಾ, ಹೇಗಿದ್ಲು, ಎಲ್ಲರೂ ಕಾಯುತ್ತಿದ್ದಾರೆ, ಎಡಗಣ್ಣು ಸ್ವಲ್ಪ ಚಿಕ್ಕದು, ಎಂದಳು, ಹೂಂ, ಆಮೇಲೆ, ರೆಪ್ಪೆ ಬಾಗಿತ್ತು, ಹೂಂ, ಆಮೇಲೆ, ಆಮೇಲೆ, ಎಡಗಣ್ಣು ಸ್ವಲ್ಪ ಚಿಕ್ಕದು, ಎಡಗಣ್ಣು, ಎಡಗಣ್ಣು —