ಅಕ್ಕನ ಬಾಯಾರಿಕೆ

ಬೈಂಡಿಂಗ್ ಅಂಗಡಿಯಲ್ಲಿ ಹೊಲಿಗೆಯೆಂದರೆ ಅಕ್ಕನದೇ. ಅವಳು ದಾರ ಎಳೆದು ಗಂಟು ಹಾಕಿದ ಪುಸ್ತಕದ ಹಾಳೆ ಉದುರಿದ್ದನ್ನು ಕಂಡವರಿಲ್ಲ. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ತಮ್ಮನಿಗೆ ಹನ್ನೊಂದು. ಅಂಗಡಿಯನ್ನೂ ತಮ್ಮನನ್ನೂ ಎರಡು ಕೈಯಲ್ಲಿ ಹಿಡಿದು ದಡ ಸೇರಿಸಿದಳು. ಮದುವೆಯ ಮಾತೆತ್ತಿದವರಿಗೆ, "ದಿನಕ್ಕೆ ಮುನ್ನೂರು ಗಂಟು ಹಾಕ್ತೀನಿ, ಮೇಲೆ ಇನ್ನೊಂದು ಯಾಕೆ?" ಎಂದು ನಕ್ಕು ಬಾಯಿ ಮುಚ್ಚಿಸುತ್ತಿದ್ದಳು. ಗಿರಾಕಿಗಳಿಗೂ ಅವಳು ಅಕ್ಕನೇ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಬಾಯಾರಿಕೆ ಶುರುವಾಯಿತು. ಎರಡು ಫಾರಂ, ಅಂದರೆ ಮಡಿಸಿದ ಪುಟಗಳ ಎರಡು ಕಟ್ಟು, ಹೊಲಿಯುವಷ್ಟರಲ್ಲಿ ಒಂದು ಚೆಂಬು ನೀರು ಖಾಲಿ. ಕುಡಿದಷ್ಟೇ ಬೇಗ ಎದ್ದು ಬಚ್ಚಲಿಗೆ ಓಡಬೇಕು. "ಅಕ್ಕಾ, ಹೊಟ್ಟೆಯೊಳಗೆ ಬಾವಿ ತೋಡಿಸ್ತಿದ್ದೀಯಾ?" ಎಂದು ತಮ್ಮ ಹಾಸ್ಯ ಮಾಡಿದ. ಅವಳೂ ನಕ್ಕಳು. ಸಕ್ಕರೆ ಕಾಯಿಲೆಯಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಸರಿಯಾಗಿಯೇ ಇತ್ತು. ಸದ್ಯ ಎಂದು ಎಲ್ಲರೂ ಸುಮ್ಮನಾದರು, ಬಾಯಾರಿಕೆಯೊಂದು ಮಾತ್ರ ಸುಮ್ಮನಾಗಲಿಲ್ಲ.

ಒಂದು ಬೆಳಿಗ್ಗೆ ಕುಡಿದ ನೀರು ಬಾಯಿಯ ಎಡತುದಿಯಿಂದ ಸೋರಿ ಎದೆಯ ಮೇಲೆ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಎಡಭಾಗ ನೆನೆದ ರಟ್ಟಿನಂತೆ ಜೋತುಬಿದ್ದಿತ್ತು. ಕಣ್ಣು ಮುಚ್ಚುತ್ತಿಲ್ಲ. ಬೀದಿಯ ಕೊನೆಯ ಡಾಕ್ಟರು ನೋಡಿ, "ಹೆದರ್ಬೇಡಿ, ಮುಖದ ನರ ಊದಿದೆ. ತುಂಬ ಜನಕ್ಕೆ ಆಗುತ್ತೆ" ಎಂದು ಹತ್ತು ದಿನದ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಮೂರು ವಾರದಲ್ಲಿ ಮುಖ ನೆಟ್ಟಗಾಯಿತು.

ಎರಡು ತಿಂಗಳಾಗಿರಲಿಲ್ಲ, ಬಲಭಾಗ ಜೋತುಬಿತ್ತು.

ಜೊತೆಗೆ ತಲೆನೋವು, ಮರೆವು. ಕೈ ಹಿಡಿದ ಕೆಲಸವೇ ಕೈ ಕೊಡತೊಡಗಿತು. ಕಣ್ಣು ಮುಚ್ಚಿಕೊಂಡು ಫಾರಂ ಜೋಡಿಸುತ್ತಿದ್ದವಳು ಒಂದು ಶಾಲೆಯ ನೂರಿಪ್ಪತ್ತು ಪುಸ್ತಕಗಳಲ್ಲಿ ಆರನೆಯ ಫಾರಮ್ಮನ್ನು ಮೂರನೆಯದರ ಮೊದಲೇ ಹೊಲಿದುಬಿಟ್ಟಳು. ಎಲ್ಲವೂ ವಾಪಸು ಬಂದವು. ತಮ್ಮ ಗಿರಾಕಿಯೆದುರೇ, "ತಲೆ ಎಲ್ಲಿಟ್ಟಿದ್ದೆ ಅಕ್ಕ?" ಎಂದ. ಅವನು ಅವಳಿಗೆ ಹಾಗೆ ಅಂದದ್ದು ಅದೇ ಮೊದಲು. ಅವಳು ಹೊಲಿಗೆ ಬಿಚ್ಚುತ್ತ ಕೂತಳು. ಬಿಚ್ಚಿದ ಮೇಲೆ ಯಾವ ಫಾರಂ ಎಲ್ಲಿಗೆಂದು ಮತ್ತೆ ತಿಳಿಯಲಿಲ್ಲ.

ಎರಡನೆಯ ಡಾಕ್ಟರು ತಲೆಯ ಸಾದಾ ಸ್ಕ್ಯಾನ್ ಮಾಡಿಸಿ, ಏನೂ ಇಲ್ಲವೆಂದರು. "ಮನಸ್ಸಿಗೆ ತುಂಬ ಹಚ್ಕೊಂಡಿದ್ದಾರೆ. ಒಂಟಿ ಹೆಂಗಸು, ವಯಸ್ಸೂ ಅಂಥದ್ದು. ನೀರು ಕುಡಿಯೋದೂ ಒಂದು ಚಟ ಆಗುತ್ತೆ." ತಮ್ಮನಿಗೆ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಅಂಗಡಿಯ ಬೀಗದ ಕೈ ತೆಗೆದುಕೊಂಡು, "ನೀನು ಮನೇಲೇ ಇದ್ದು ಸುಧಾರಿಸ್ಕೋ" ಎಂದ. ಪ್ರೀತಿಯಿಂದಲೇ ಅಂದಿದ್ದ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮನೆಯಲ್ಲಿ ಉಳಿದವಳು ತಮ್ಮನ ಹೆಂಡತಿ. ಅವಳಿಗೂ ಅಕ್ಕನಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಒಗೆದ ಬಟ್ಟೆ ಮಡಿಸುವ ರೀತಿಗೂ ಇಬ್ಬರಿಗೂ ತಕರಾರು. ನೀರಿನ ಕೊಡಗಳನ್ನು ತುಂಬಿಸುವವಳು ಅವಳೇ, ಹೀಗಾಗಿ ದಿನವಿಡೀ ಗೊಣಗುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಅಕ್ಕ ಗೋಡೆ ಹಿಡಿದು ನಡೆಯುತ್ತ ಎಡವಿ ಕುಸಿದಾಗ, ಕೊಡ ಕೆಳಗಿಟ್ಟು ಓಡಿಬಂದವಳೂ ಅವಳೇ.

"ಇದು ಮನಸ್ಸಿನ ಕಾಯಿಲೆ ಅಲ್ಲ ಅತ್ತಿಗೆ. ನೀವು ಏನೇ ಇರಿ, ನಾಟಕದವರಲ್ಲ."

"ಈಗಲಾದ್ರೂ ಒಪ್ಕೊಂಡ್ಯಲ್ಲ," ಎಂದಳು ಅಕ್ಕ, ಅರ್ಧ ಬಾಯಲ್ಲಿ.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ದೊಡ್ಡಾಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದರು. ಅಲ್ಲಿನ ಡಾಕ್ಟರಮ್ಮ ಹಳೆಯ ಚೀಟಿಗಳನ್ನು ಪಕ್ಕಕ್ಕಿಟ್ಟು, "ಮೊದಲಿಂದ ಹೇಳಿ" ಎಂದರು. ಅಕ್ಕ ತಡವರಿಸಿದಳು. ತಮ್ಮನ ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು.

"ದಿನಕ್ಕೆ ಎಂಟು ಲೀಟರ್ ಕುಡೀತಾರೆ ಡಾಕ್ಟ್ರೇ, ತುಂಬಿಸೋಳು ನಾನು, ನನಗೆ ಲೆಕ್ಕ ಗೊತ್ತು. ಆ ಹತ್ತು ದಿನದ ಮಾತ್ರೆ ತಗೊಂಡಾಗ ತಲೆನೋವು ಪೂರ್ತಿ ಹೋಗಿತ್ತು. ಈ ಗಾಯದ ಕೆಂಪೂ ಇಳಿದಿತ್ತು. ಬಿಟ್ಟ ಮೇಲೆ ಎಲ್ಲ ಮತ್ತೆ ಬಂತು."

"ಯಾವ ಗಾಯ?"

ಅಕ್ಕ ಎಡಗೈ ಚಾಚಿದಳು. ಇಪ್ಪತ್ತು ವರ್ಷದ ಹಿಂದೆ ರಟ್ಟು ಕತ್ತರಿಸುವಾಗ ಚಾಕು ಜಾರಿ ಹೆಬ್ಬೆರಳಿನ ಬುಡದಲ್ಲಿ ಆಗಿದ್ದ ಗಾಯ. ಬಿಳಿ ಗೆರೆಯಾಗಿ ಮಲಗಿದ್ದದ್ದು ಆರು ತಿಂಗಳಿಂದ ಕೆಂಪಗೆ ಉಬ್ಬಿತ್ತು. ಡಾಕ್ಟರಮ್ಮ ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಯಾರಿಗೂ ತೋರಿಸ್ಲಿಲ್ವಾ?"

"ಮುಖ ಸೊಟ್ಟಗಾದಾಗ ಕೈ ತೋರಿಸಿದ್ರೆ ನಗಲ್ವಾ ಅಮ್ಮಾ?"

ಅಂದೇ ಅವಳನ್ನು ದಾಖಲು ಮಾಡಿಕೊಂಡರು. ಆ ಗಾಯದಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ಈ ಸಲ ರಕ್ತನಾಳಕ್ಕೆ ಔಷಧ ಬಿಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಮಿದುಳಿನ ತಳದ ಪೊರೆ ದಪ್ಪಗಾಗಿತ್ತು. ಎದೆಯನ್ನೂ ಸ್ಕ್ಯಾನ್ ಮಾಡಿದಾಗ ಒಳಗೆ ಗಂಟುಗಳು ಊದಿದ್ದವು.

ಗಂಟು ಎಂಬ ಮಾತು ಕೇಳಿದೊಡನೆ, ಅಂಗಡಿ ಮುಚ್ಚಿ ಓಡಿಬಂದಿದ್ದ ತಮ್ಮ ಡಾಕ್ಟರಮ್ಮನ ಹತ್ತಿರ ಸರಿದ. "ಕ್ಯಾನ್ಸರಾ?"

"ಇರಬಹುದು. ಟಿ.ಬಿ.ಯೂ ಇರಬಹುದು. ಎರಡೂ ಅಲ್ಲದ ಇನ್ನೊಂದರ ಮೇಲೆ ನನಗೆ ಅನುಮಾನ. ಟಿ.ಬಿ. ಅಲ್ಲ ಅನ್ನೋದು ಆದಷ್ಟೂ ಖಾತ್ರಿಯಾಗದೆ ಅದಕ್ಕೆ ಬೇಕಾದ ಸ್ಟೀರಾಯ್ಡ್ ಕೊಟ್ರೆ ಉರಿಯೋ ಬೆಂಕಿಗೆ ಎಣ್ಣೆ ಹೊಯ್ದ ಹಾಗಾಗುತ್ತೆ."

ಪರೀಕ್ಷೆಗಳ ಉತ್ತರಕ್ಕೆ ಹನ್ನೊಂದು ದಿನ ಕಾಯಬೇಕಾಯಿತು. ಅಷ್ಟೂ ದಿನ ಅಕ್ಕ ವಾರ್ಡಿನ ಕಿಟಕಿಯ ಪಕ್ಕ ಮಲಗಿ, ಮುಚ್ಚದ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಯಾವುದಾದರೆ ಒಳ್ಳೆಯದು ಎಂದು ತನ್ನಲ್ಲೇ ತೂಗಿ ನೋಡುತ್ತಿದ್ದಳು. ಕ್ಯಾನ್ಸರ್ ಆದರೂ ಆಗಲಿ, ಹುಚ್ಚು ಅನ್ನಿಸಿಕೊಳ್ಳುವುದು ಬೇಡ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದಕ್ಕೆ ಹೆದರಿ ತಮ್ಮನ ಹೆಂಡತಿಯ ಕೈ ಹಿಡಿದಳು.

ಹನ್ನೆರಡನೆಯ ದಿನ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಸಾರ್ಕಾಯ್ಡೋಸಿಸ್ ಅಂತ ಇದರ ಹೆಸರು. ಮೈ ಕಾಯೋ ಜೀವಕೋಶಗಳು ಕಾರಣವಿಲ್ಲದೆ ಗುಂಪು ಕಟ್ಕೊಂಡು ಅಲ್ಲಲ್ಲಿ ಗಂಟಾಗಿ ಕೂರ್ತವೆ. ಹೆಚ್ಚಿನವರಿಗೆ ಶ್ವಾಸಕೋಶದಲ್ಲಿ. ನಿಮಗೆ ನರಗಳಲ್ಲೂ ಕೂತಿವೆ. ಮೈಯ ನೀರಿನ ಹತೋಟಿ ಇಡೋ ಮಿದುಳಿನ ಜಾಗದಲ್ಲೂ ಕೂತಿರೋದರಿಂದ ಈ ಬಾಯಾರಿಕೆ. ಹಳೇ ಗಾಯದಲ್ಲೂ ಅವೇ."

"ಅಂದ್ರೆ ನನ್ನ ತಲೆ ಕೆಟ್ಟಿರಲಿಲ್ಲ."

"ಇಲ್ಲಮ್ಮ. ನಿಮ್ಮ ತಲೆಗೆ ಕಾಯಿಲೆ ಬಂದಿತ್ತು. ಎರಡೂ ಬೇರೆ ಬೇರೆ."

ಅಕ್ಕ ಅಷ್ಟು ದಿನ ಅತ್ತಿರಲಿಲ್ಲ. ಈಗ ಒಂದೇ ಕಣ್ಣು ಮುಚ್ಚಿಕೊಂಡು ಅತ್ತಳು. ತಮ್ಮ ಮಂಚದ ಕಾಲಿನ ಬಳಿ ನಿಂತು ಚೀಲದ ಹಿಡಿಯನ್ನು ತಿರುಚುತ್ತಿದ್ದ. "ನಾನು ಅವತ್ತು ಅಂಗಡೀಲಿ..." ಎಂದು ಶುರು ಮಾಡಿದ.

"ಆಯ್ತು ಬಿಡು," ಎಂದಳು ಅಕ್ಕ. ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಅದೇ ಸ್ಟೀರಾಯ್ಡ್ ಮಾತ್ರೆ, ಈ ಸಲ ಹತ್ತು ದಿನದ್ದಲ್ಲ, ವರ್ಷಗಟ್ಟಲೆಯದು. ಮುಖ ನೆಟ್ಟಗಾಯಿತು, ಆದರೆ ಕುಂಬಳಕಾಯಿಯಂತೆ ಊದಿತು. ತಲೆನೋವು ಹೋಯಿತು, ನಿದ್ದೆಯೂ ಹೋಯಿತು. ಬಾಯಾರಿಕೆಗೆ ಬೇರೆ ಮಾತ್ರೆ, ಅದು ಬಹುಶಃ ಜೀವನಪೂರ್ತಿ. ನಾಲ್ಕನೆಯ ತಿಂಗಳಿಂದ ಅವಳು ಅಂಗಡಿಗೆ ಅರ್ಧ ದಿನ ಹೋಗತೊಡಗಿದಳು. ಫಾರಮ್ಮುಗಳನ್ನು ಈಗ ಬೆರಳಿಟ್ಟು, ತುಟಿಯಲ್ಲಿ ಎಣಿಸಿಯೇ ಜೋಡಿಸುತ್ತಾಳೆ. ಮೊದಲಿನ ವೇಗ ಬರಲಿಲ್ಲ. ದೊಡ್ಡ ಕೆಲಸಗಳನ್ನು ತಮ್ಮ ಬೇರೆಯವರಿಗೆ ಕೊಡುತ್ತಾನೆ. ಅವಳು ಅದನ್ನು ಕಂಡೂ ಕಾಣದಂತಿರುತ್ತಾಳೆ.

ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಆಯಿತು. "ಮುಕ್ಕಾಲು ಪಾಲು ಕರಗಿದೆ. ಉಳಿದದ್ದು ಕರಗುತ್ತೋ, ಅಲ್ಲೇ ಕೂರುತ್ತೋ, ಈಗಲೇ ಹೇಳಕ್ಕಾಗಲ್ಲ. ಮತ್ತೆ ಬರಲೂಬಹುದು," ಎಂದರು ಡಾಕ್ಟರಮ್ಮ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತಮ್ಮನ ಹೆಂಡತಿ, "ಮುಕ್ಕಾಲು ಅಂದ್ರೆ ಕಡಿಮೆ ಏನಲ್ಲ ಅತ್ತಿಗೆ," ಎಂದಳು.

"ಉಳಿದಿರೋ ಕಾಲು ಪಾಲೂ ಕಡಿಮೆ ಅಲ್ಲ ಕಣೇ," ಎಂದಳು ಅಕ್ಕ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಇಬ್ಬರೂ ನೆರಳು ಹುಡುಕಿ ನಿಂತರು.