ವಾಡಿಯ ಅರ್ಧ ತಾಸು

ಅಮೃತಮ್ಮ ಅಂಗೈಯಿಂದ ಬಡಿದ ಬಡಿತಕ್ಕೆ ಕಂಪ್ಯೂಟರ್ ಕೋಣೆಯ ಕಿಟಕಿಯ ಗಾಜು ಅದುರಿತು.

"ಬಾಯಾರ, ಗೇಟಿನಾಗ ಹೊಕ್ಕೀನಿ, ಚೀಲ ಹೊಲ್ಯಾಕತ್ತೀನಿ, ಆದ್ರೂ ನಿಮ್ಮ ಮಿಷಿನ್ ಗೈರಹಾಜರಿ ಅಂತದ. ನಾ ಏನ್ ದೆವ್ವ ಇದ್ದೀನೇನ್ರಿ?"

ವಿಜಯಶ್ರೀ ಎದ್ದು ನಿಂತಳು. ಸಿಮೆಂಟ್ ಚೀಲ ಹೊಲಿಯುವ ಆ ಕಂಪನಿಗೆ ವಾಡಿ, ಸೇಡಂ ಎರಡೂ ಊರಲ್ಲಿ ಕಾರ್ಖಾನೆ; ವಾಡಿಯಲ್ಲಿ ಹಾಜರಿಯ ಕಂಪ್ಯೂಟರ್ ಅವಳ ಸುಪರ್ದಿಯಲ್ಲಿತ್ತು. ಅಮೃತಮ್ಮನಿಗೆ ಈ ತಿಂಗಳು ಇದು ಮೂರನೆಯ ಗೈರುಹಾಜರಿ. ಮೂರಾದರೆ ಕಾಯಂ ಆಗುವವರ ಪಟ್ಟಿಯಿಂದ ಹೆಸರು ಹೋಗುತ್ತದೆ. ಸೂಪರ್‌ವೈಸರ್ ಸೂರ್ಯಕಾಂತ ಆಗಲೇ ಅವಳ ಗೇಟ್ ಕಾರ್ಡ್ ಕಸಿದುಕೊಂಡಿದ್ದ.

ವಿಜಯಶ್ರೀ ಸರ್ವರಿನಲ್ಲಿದ್ದ ಸೆಟ್ಟಿಂಗ್ ಫೈಲ್ ತೆಗೆದು ನೋಡಿದಳು. ಅಂದುಕೊಂಡಂತೆಯೇ ಅಲ್ಲಿ ಸೇಡಂ ಕಾರ್ಖಾನೆಯ ಫೈಲ್ ಕೂತಿತ್ತು. ಸೇಡಂ ಕಾರ್ಖಾನೆಯ ಜನ ಸುತ್ತಲಿನ ಹಳ್ಳಿಗಳಿಂದ ಸೈಕಲ್ ಮೇಲೆ ಬರುವವರು, ಅಲ್ಲಿ ಎಂಟು ಗಂಟೆಯೆಂದರೆ ಎಂಟೇ, ಒಂದು ನಿಮಿಷ ತಡವಾದರೂ ಗೈರುಹಾಜರಿ. ವಾಡಿಯವರು ಚಿತ್ತಾಪುರದ ಕಡೆಯಿಂದ ಪ್ಯಾಸೆಂಜರ್ ರೈಲು ಹಿಡಿದು ಬರುವವರು, ಅವರಿಗೆಂದು ಇಲ್ಲಿಯ ಫೈಲಿನಲ್ಲಿ ಅರ್ಧ ತಾಸಿನ ರಿಯಾಯಿತಿ ಬರೆದಿರಬೇಕಿತ್ತು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಾಜರಿ ಪ್ರೋಗ್ರಾಮನ್ನು ಸೇಡಂನ ಧೀರೇಂದ್ರ ಹೊಸದಾಗಿ ಮಾಡಿದಾಗಲೆಲ್ಲ, ಎರಡೂ ಕಡೆ ಹಳೆಯ ಫೋಲ್ಡರ್ ಅಳಿಸಿ ತನ್ನದನ್ನೇ ಇಡಿಯಾಗಿ ಹಾಕುತ್ತಿದ್ದ. ಅದರೊಂದಿಗೆ ವಾಡಿಯ ಅರ್ಧ ತಾಸೂ ಅಳಿಯುತ್ತಿತ್ತು. ಈ ತಿಂಗಳಲ್ಲೇ ಅವಳು ಎರಡು ಸಲ ತಿದ್ದಿದ್ದಳು. ಆದರೆ ಒಮ್ಮೆ ಬಿದ್ದ ಗೈರುಹಾಜರಿ ತೆಗೆಯಲು ಸೇಡಂನಿಂದ ಧೀರೇಂದ್ರನೇ ಹೇಳಬೇಕು. ಅವನು ಹೇಳಿರಲಿಲ್ಲ.

ಅವನು ಅವಳ ಸೋದರಮಾವ. ಈ ನೌಕರಿ ಕೊಡಿಸಿದವನೂ ಅವನೇ. ಅವಳು ಫೋನ್ ಹಚ್ಚಿದಳು.

"ಮಾಮಾ, ಮತ್ತ ಸೇಡಂ ಫೈಲ್ ಇಲ್ಲಿ ಬಂದು ಕೂತದ."

"ನಿನ್ನಿ ಹೊಸಾದು ಹಾಕೀನಿ. ನೀ ತಿದ್ದಿ ಬಿಡು, ಐದು ನಿಮಿಷದ ಕೆಲಸ. ಅದಕ್ಯಾಕ ಇಷ್ಟು ಉರೀಲಿಕತ್ತೀ?"

"ಐದು ನಿಮಿಷ ನಂದು. ಅಮೃತಮ್ಮಂದು ಹತ್ತು ವರ್ಷದ ದುಡಿಮಿ ಹೋಗ್ಲಿಕತ್ತದ. ತಪ್ಪು ನಿಮ್ದಂತ ಸೂರ್ಯಕಾಂತ ಅವ್ರಿಗೆ ಹೇಳ್ರಿ."

"ಏ ಹುಚ್ಚಿ, ಹಂಗ ಹೇಳಿದ್ರ ನನ್ನ ಇಜ್ಜತ್ ಏನಾಗ್ಬೇಕು? ಮುಂದಿನ ತಿಂಗಳು ನೋಡೋಣಂತ."

ಅವಳು ಫೋನ್ ಕುಕ್ಕಿದಳು. ಹಾಜರಿ ಪ್ರೋಗ್ರಾಮನ್ನೇ ನಿಲ್ಲಿಸಿದಳು. ಗೇಟಿನ ಮಿಷಿನ್ ಸುಮ್ಮನಾಯಿತು. ಸೂರ್ಯಕಾಂತ ಓಡಿ ಬಂದ.

"ಯಾರ್ರೀ ಬಂದ್ ಮಾಡ್ದೋರು?"

"ನಾನೇ. ಸೇಡಂದವ್ರು ಬರೋತನಕ ಚಾಲೂ ಮಾಡಂಗಿಲ್ಲ. ಹಾಜರಿ ಪೆನ್ನೀಲೆ ಬರ್ಕೋರಿ."

"ನೌಕರಿ ಹೋದೀತು, ನೋಡ್ರಿ!"

"ಹೋಗ್ಲಿ. ನಾನೂ ಅಮೃತಮ್ಮನೂ ಜೋಡೀಲೇ ಚಿತ್ತಾಪುರ ಗಾಡಿ ಹತ್ತತೀವಿ."

ಮಧ್ಯಾಹ್ನ ಧೀರೇಂದ್ರ ಜೀಪಿನಿಂದ ಇಳಿದ. ಹಣೆಯ ಅಂಗಾರದ ಕಪ್ಪು ಗೆರೆ ಬೆವರಿಗೆ ಕದಡಿತ್ತು.

"ಮನಿ ಹುಡುಗಿ ಆಗಿ ಮಂದಿ ಮುಂದ ನನ್ನ ತಲಿ ತಗ್ಗಿಸಿದೆಲ್ಲ!"

"ಮಾಮಾ, ಹೋದ ವರ್ಷ ನಿಮ್ಮ ಮನಿ ಕೆಡವಿ ಕಟ್ಟೋವಾಗ ದೇವರ ಪೆಟ್ಟಿಗಿ ಎಲ್ಲಿಟ್ಟಿದ್ರಿ?"

"ನಿಮ್ಮನ್ಯಾಗ. ಅದಕ್ಕೂ ಇದಕ್ಕೂ ಏನು..."

"ಒಂದು ಗ್ವಾಡಿ ಬೀಳೂಕಿಂತ ಮೊದ್ಲ ಮಡಿ ಉಟ್ಕೊಂಡು ತಂದಿಟ್ರಿ. ವಾಡಿ ಫೈಲಿಗೂ ಹೊರಗ ಹಂಗ ಒಂದು ಜಾಗಾ ಮಾಡ್ರಿ. ಒಳಗ ಏನರೆ ಕೆಡವ್ರಿ, ಏನರೆ ಕಟ್ರಿ. ಅದನ್ನ ಮುಟ್ಟಬ್ಯಾಡ್ರಿ."

ಧೀರೇಂದ್ರ ಕುರ್ಚಿ ಎಳೆದುಕೊಂಡು ಕೂತ. ಪ್ರೋಗ್ರಾಮಿನ ಫೋಲ್ಡರಿನಿಂದ ಫೈಲನ್ನು ಹೊರಗೆ ತೆಗೆದು ಬೇರೆ ಜಾಗದಲ್ಲಿಟ್ಟ, ಪ್ರೋಗ್ರಾಮಿಗೆ ಆ ಜಾಗ ತೋರಿಸಿದ. ಅವಳು ವಾಡಿಯ ಅರ್ಧ ತಾಸು ಬರೆದಳು. ಅವನು ಎಲ್ಲ ಅಳಿಸಿ ಹೊಸದನ್ನು ಇನ್ನೊಮ್ಮೆ ಹಾಕಿದ. ಅರ್ಧ ತಾಸು ಇದ್ದಲ್ಲೇ ಇತ್ತು.

"ಆತಲ್ಲ?"

"ಇನ್ನೂ ಆಗಿಲ್ಲ." ಅವಳು ಕಿಟಕಿಯಾಚೆ ಕೈ ಮಾಡಿದಳು. ಸೂರ್ಯಕಾಂತನ ಕೋಣೆಯ ಹೊರಗೆ ಫರಸಿ ಕಲ್ಲಿನ ಕಟ್ಟೆಯ ಮೇಲೆ ಅಮೃತಮ್ಮ ಕೂತಿದ್ದಳು, ಬುತ್ತಿ ಗಂಟು ಬಿಚ್ಚದೆ ಪಕ್ಕಕ್ಕಿಟ್ಟುಕೊಂಡು.

ಧೀರೇಂದ್ರ ಬಿಸಿಲಲ್ಲಿ ಅಂಗಳ ದಾಟಿ ಹೋದ. ಸೂರ್ಯಕಾಂತ ಕೂಡ್ರಿ ಅನ್ನಲಿಲ್ಲ.

"ಆ ಮೂರೂ ಗೈರುಹಾಜರಿ ನನ್ನ ತಪ್ಪು," ಎಂದ ಧೀರೇಂದ್ರನ ದನಿ ಹೊರಗಿನವರಿಗೂ ಕೇಳಿಸಿತು.

"ಹಂಗಂತ ಬರ್ದು ಕೊಡ್ರಿ, ಸಾಹೇಬ್ರ."

ಅವನು ನಿಂತೇ ಬರೆದ. ಸೂರ್ಯಕಾಂತ ಮರಳಿ ಕೊಟ್ಟ ಕಾರ್ಡ್ ಹಿಡಿದು ಹೊರಗೆ ಬಂದು ಅಮೃತಮ್ಮನ ಮುಂದೆ ಚಾಚಿದ. ಅವಳು ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿ, ಹಲ್ಲಿನಿಂದ ಗಂಟು ಬಿಗಿದಳು. ಆಮೇಲೆ ಅವನ ಮುಖ ನೋಡದೆಯೇ ಬುತ್ತಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಅವನಿಗೂ ಜಾಗ ಮಾಡಿದಳು. ಧೀರೇಂದ್ರ ಕಲ್ಲಿನ ಆ ತುದಿಯಲ್ಲಿ ಮೆಲ್ಲಗೆ ಕೂತ.